ಕಿತ್ತೂರಿನ ಕಪಾಟು, ನಮ್ಮನಿ ಕೆಂಪು ದೀಪ

ಹೋದ ದೀಪಾವಳಿಗೆ ನಮ್ಮ ಮನ್ಯಾಗ ಮೂರು ದಿನ ನೆಟ್ ಇರಲಿಲ್ಲ. ಫರಾಳದ ಗದ್ದಲದಾಗ ನನಗೇನು ಅದರ ನೆನಪೂ ಆಗ್ತಿರಲಿಲ್ಲ, ಆದ್ರ ನಮ್ಮ ಅತ್ತಿಯವರಿಗೆ ಆತು. ನಮ್ಮ ನಾದಿನಿ ಜರ್ಮನಿದಾಗ ಇರ್ತಾಳ. ದಿನಾ ಸಂಜಿ ದೀಪಾ ಹಚ್ಚೂ ಹೊತ್ತಿಗೆ ಆಕಿ ವಿಡಿಯೋ ಕಾಲ್ ಮಾಡಬೇಕು, ಅತ್ತಿ "ಊಟಾ ಆತೇನವಾ?" ಅಂತ ಕೇಳಬೇಕು, ಆಮ್ಯಾಲೆ ಅವರ ಗಂಟಲಿನಾಗ ರೊಟ್ಟಿ ಇಳೀಬೇಕು. ನಮ್ಮದು ಹಳೇ ಹುಬ್ಬಳ್ಳಿಯ ಹಳೇ ಮನಿ. ಮಣ್ಣಿನ ದಪ್ಪ ಗ್ವಾಡಿ. ಒಳಗ ಮೊಬೈಲಿಗೆ ಸಿಗ್ನಲ್ ಬರೂದಿಲ್ಲ, ಮೊಳಕಾಲು ಹಿಡಕೊಂಡ ಅತ್ತಿಗೆ ಮಾಳಗಿ ಹತ್ತೂದಾಗೂದಿಲ್ಲ. ಮೂರನೇ ದಿನ ಅವರು ತಾಟು ಹಂಗ ಸರಿಸಿ ಮಲಕೊಂಡ್ರು.

ರಿಪೇರಿಯವನನ್ನ ಕರಸಿದ್ವಿ. ಅವ ಬಾಗಲದಾಗ ನಿಂತು ನೋಡಿ, "ರೌಟರಿನ ಬೋರ್ಡ್ ಸುಟ್ಟೈತ್ರಿ ಅಕ್ಕಾರ, ಎರಡೂವರಿ ಸಾವಿರ ಆಗ್ತೈತಿ" ಅಂದ. ನಾನು ಏನೂ ಕೇಳಲಿಲ್ಲ. ಕೇಳಾಕ ಶಬ್ದ ಬೇಕಲ್ಲ? ಟ್ರೆಜರಿ ತಗದು ರೊಕ್ಕಾ ಎಣಸಾಕತ್ತಿದ್ದೆ. ಅಷ್ಟರಾಗ ಬಾಜೂ ಮನಿ ಹುಡುಗಿ ಚಕ್ಕಲಿ ತಾಟು ಹಿಡಕೊಂಡು ಬಂದ್ಲು. ಪಿಯುಸಿ ಎರಡನೇ ವರ್ಷದಾಕಿ. ಡಬ್ಬಿ ನೋಡಿದಾಕಿನ, "ಕಾಕೂ, ಎಲ್‌ಓಎಸ್ ದೀಪ ಕೆಂಪು ಐತಿ. ಡಬ್ಬಿ ಛಲೋ ಐತಿ ಅಂತ ಕಾಣ್ತೈತಿ, ಹೊರಗಿನ ವಾಯರಿನಾಗ ಏನೋ ಆಗೈತಿ" ಅಂದು ವಾಯರ್ ಹಿಡಕೊಂಡು ಹೊರಗ ನಡದ್ಲು. ಪಡಸಾಲಿ ಬಾಗಲದ ಮ್ಯಾಲ ಆಕಾಶಬುಟ್ಟಿ. ಅದು ಗಾಳಿಗೆ ಅಳ್ಳಾಡಬಾರದು ಅಂತ ನಾನ ಆ ತೆಳ್ಳನ ವಾಯರನ್ನ ಮೊಳಿಗೆ ಮಡಚಿ ಸುತ್ತಿ ಕಟ್ಟಿದ್ದೆ! ಆಕಿ ಬಿಚ್ಚಿ ನೆಟ್ಟಗ ಮಾಡಿದ್ಲು. ಕೆಂಪು ಆರಿತು, ಹಸರು ಹತ್ತಿತು. ರಿಪೇರಿಯವ ಗಪ್‌ಚುಪ್ ಚಪ್ಪಲಿ ಮೆಟ್ಟಿದ.

ನನಗ ವಾಯರ್ ಮಡಚಿದ್ದಕ್ಕ ನಾಚಿಕಿ ಆಗಲಿಲ್ಲ. ತಿಳೀಲಾರದ ಶಬ್ದಕ್ಕ ಹೆದರಿ ಬಾಯಿ ಮುಚಗೊಂಡು ರೊಕ್ಕಾ ತಗದೆನಲ್ಲ, ಅದಕ್ಕ ಆತು. ಹಬ್ಬ ಮುಗದ ಮ್ಯಾಲ ಆ ಹುಡುಗಿನ್ನ ಕೂಡಿಸಿಕೊಂಡು ಒಂದೊಂದ ಶಬ್ದ ಕೇಳಿದೆ, ಉಳಿದದ್ದು ನಾನ ಹುಡುಕಿ ಓದಿದೆ. ಓದಿದಂಗ ಓದಿದಂಗ ಈ ಶಬ್ದಗಳ ಹಿಂದ ನಮ್ಮಂಥ ಹೆಣ್ಮಕ್ಕಳೂ ಸಿಕ್ರು, ನಮ್ಮ ಕಿತ್ತೂರೂ ಸಿಕ್ತು. ಅದನ್ನ ನಿಮಗೂ ಹೇಳ್ತೇನಿ.

ಮೊದಲ "ಕಂಪ್ಯೂಟರ್" ಅನ್ನೂದನ್ನ ನೋಡ್ರಿ. ಇದು ಮೊದಲಿಗೆ ಮಷೀನಿನ ಹೆಸರಾಗಿರಲಿಲ್ಲ. ಕೂತು ಲೆಕ್ಕಾ ಮಾಡೋ ಮನುಷ್ಯಾರಿಗೆ ಇಂಗ್ಲಿಷಿನಾಗ ಹಂಗ ಅಂತಿದ್ರು. ಅಮೇರಿಕಾದಾಗ ನಕ್ಷತ್ರ ನೋಡೋ ಕಚೇರಿ, ಸೈನ್ಯದ ಕಚೇರಿ ಇಂಥಲ್ಲೆ ಈ ಕೆಲಸಕ್ಕ ಭಾಳ ಮಂದಿ ಹೆಣ್ಮಕ್ಕಳನ್ನ ಇಟ್ಟುಕೊಳ್ತಿದ್ರು. ಪಗಾರ ಕಡಿಮಿ ಕೊಟ್ರ ನಡೀತಿತ್ತು, ಅದಕ್ಕ. 1946ರಾಗ ಜಗತ್ತಿಗೆ ತೋರಿಸಿದ ಎನಿಯಾಕ್ ಅನ್ನೋ ಮಷೀನು ಒಂದು ದೊಡ್ಡ ಕೋಲಿ ತುಂಬ ಇತ್ತು, ಸುಮಾರು 30 ಟನ್ ತೂಕ, ಒಳಗ ಸುಮಾರು 18,000 ವಾಲ್ವು. ಅದಕ್ಕ ಲೆಕ್ಕ ಕಲಿಸಿದವರು ಆರು ಮಂದಿ ಹೆಣ್ಮಕ್ಕಳು. ಕೈಲೆ ಲೆಕ್ಕಾ ಮಾಡೋ "ಕಂಪ್ಯೂಟರ್" ಆಗಿದ್ದವರ ಅವರು. ಆದ್ರ ಅವರ ಹೆಸರು ಮಂದಿಗೆ ತಿಳಿಯೂದಕ್ಕ ಹತ್ತಾರು ವರ್ಷ ಹಿಡೀತು. ನಮ್ಮ ಬೆಂಗಳೂರಿನ ಶಕುಂತಲಾದೇವಿಯವರನ್ನೂ "ಮಾನವ ಕಂಪ್ಯೂಟರ್" ಅಂತಾರಲ್ಲ? 1980ರ ಜೂನ್ 18ಕ್ಕ ಲಂಡನ್‌ನಾಗ 13 ಅಂಕಿಯ ಎರಡು ಸಂಖ್ಯೆ ಗುಣಿಸಿ 28 ಸೆಕೆಂಡಿನಾಗ ಉತ್ತರಾ ಕೊಟ್ರು. ಆ ಹೆಸರು ಅವರಿಗೆ ಕೊಟ್ಟದ್ದು ಶಬ್ದದ ಹಳೇ ಅರ್ಥಕ್ಕ ಸರಿಯಾಗೇ ಐತಿ.

ಈಗ ಆ ಡಬ್ಬಿ ಒಳಗ ಏನೈತಿ ನೋಡೂಣು. ಲೆಕ್ಕಾ ಮಾಡೂದು ಪ್ರೊಸೆಸರ್. ಅದು ಅಡಗಿ ಮಾಡೋ ಕೈ ಇದ್ದಂಗ. ರ‍್ಯಾಮ್ ಅಂದ್ರ ಅಡಗಿ ಕಟ್ಟಿ. ಆ ಹೊತ್ತಿಗೆ ಬೇಕಾದ್ದನ್ನ ಹರವಿಕೊಳ್ಳೋ ಜಾಗಾ. ಕರೆಂಟ್ ಹೋತಂದ್ರ ಕಟ್ಟಿ ಮ್ಯಾಲಿಂದೆಲ್ಲಾ ಹೋತು. ಹಾರ್ಡ್ ಡಿಸ್ಕ್ ಅಂದ್ರ ಹಗೇವು. ನಮ್ಮ ಹಿರಿಯಾರು ನೆಲದಾಗ ಜ್ವಾಳ ತುಂಬಿ ಮುಚ್ಚತಿದ್ರಲ್ಲ, ಹಂಗ. ಕರೆಂಟ್ ಹೋದ್ರೂ ಇಟ್ಟದ್ದು ಇರ್ತೈತಿ. ಇವೆಲ್ಲಾ ಕೂಡೋ ಹಲಗಿನ ಮದರ್‌ಬೋರ್ಡ್. ಯಾರರೆ "ಮೆಮರಿ ಫುಲ್ ಆಗೈತಿ" ಅಂದ್ರ ಮೊದಲ ಕೇಳ್ರಿ: ಕಟ್ಟಿ ಸಣ್ಣದಾತೋ, ಹಗೇವು ತುಂಬೈತೋ? ಎರಡಕ್ಕೂ ಖರ್ಚು ಬ್ಯಾರೆ, ಉಪಾಯ ಬ್ಯಾರೆ. ಹಗೇವು ತುಂಬಿದ್ರ ಬ್ಯಾಡಾದ್ದನ್ನ ಅಳಿಸಿದ್ರೂ ಸಾಕು. 1956ರಾಗ ಐಬಿಎಂದವರು ಮಾಡಿದ ಮೊದಲನೇ ಹಾರ್ಡ್ ಡಿಸ್ಕಿನಾಗ 50 ತಟ್ಟಿ ಇದ್ದು, ತೂಕ ಒಂದು ಟನ್ನಿನ ಹತ್ರ. ಅಷ್ಟೆಲ್ಲಾ ಇದ್ರೂ ಅದು ಹಿಡೀತಿದ್ದದ್ದು ಸುಮಾರು 5 ಎಂಬಿ. ನೀವು ಮೊನ್ನೆ ಮೊಬೈಲಿನಾಗ ತಗದ ರಂಗೋಲಿ ಫೋಟೊ ಒಂದ ಅಷ್ಟು ಆಗ್ತೈತಿ.

ಇದು ಒಂದು ಡಬ್ಬಿ ಕಥಿ ಆತು. ಡಬ್ಬಿಯಿಂದ ಡಬ್ಬಿಗೆ ಮಾತು ಹೋಗೂದಕ್ಕ ನೆಟ್‌ವರ್ಕ್ ಅಂತಾರ. ಅದರ ಕಥಿ ಟೆಲಿಫೋನಿನಿಂದ ಶುರು ಆಗ್ತೈತಿ.

ಹಿಂದಕ ಫೋನ್ ಎತ್ತಿದ್ರ ಎಕ್ಸ್‌ಚೇಂಜಿನಾಗ ಒಬ್ಬರು ಕೂತಿರತಿದ್ರು. ಯಾರು ಬೇಕು ಅಂತ ಕೇಳಿ, ಈ ತಂತಿ ಆ ತಂತಿಗೆ ಚುಚ್ಚತಿದ್ರು. 1878ರಾಗ ಅಮೇರಿಕಾದ ಬಾಸ್ಟನ್ ಊರಾಗ ಎಮ್ಮಾ ನಟ್ ಅನ್ನಾಕಿ ಈ ಕೆಲಸಕ್ಕ ಬಂದ ಮೊದಲನೇ ಹೆಣ್ಮಗಳು. ಅದಕ್ಕಿಂತ ಮೊದಲ ಇದ್ದ ಹುಡುಗರು ಫೋನ್ ಮಾಡಿದವರಿಗೇ ಬೈತಿದ್ರಂತ! ಮುಂದ ಆಲ್ಮನ್ ಸ್ಟ್ರೋಜರ್ ಅಂತ ಒಬ್ಬ ಹೆಣದ ಸಾಮಾನಿನ ವ್ಯಾಪಾರಿಗೆ, ಎಕ್ಸ್‌ಚೇಂಜಿನಾಗ ಕೂಡೋಾಕಿ ತನ್ನ ಗಿರಾಕಿನ್ನ ತನ್ನ ಗಂಡನ ಅಂಗಡಿಗೇ ಕಳಸ್ತಾಳ ಅಂತ ಸಂಶೆ ಬಂತು, ಅದಕ್ಕ ನಡಕ ಮನುಷ್ಯಾರೇ ಬ್ಯಾಡ ಅಂತ ತಾನ ತಾನ ಜೋಡಿಸೋ ಮಷೀನು ಕಂಡುಹಿಡದ ಅಂತ ಕಥಿ ಹೇಳ್ತಾರ. ಕಥಿ ಹೆಂಗರ ಇರಲಿ, 1891ರಾಗ ಅವಗ ಅದರ ಪೇಟೆಂಟ್ ಸಿಕ್ಕದ್ದು ಖರೇ. ಜೋಡಿಸೋ ಈ ಕೆಲಸಕ್ಕ "ಸ್ವಿಚ್" ಅಂತ ಹೆಸರು. ಇವತ್ತು ಆಫೀಸಿನಾಗ, ಶಾಲ್ಯಾಗ ಸಾಲಾಗಿ ತೂತು ಇರೋ ಡಬ್ಬಿಗೆ ಸ್ವಿಚ್ ಅಂತಾರಲ್ಲ, ಅದೂ ಎಮ್ಮಾನ ಕೆಲಸಾನ ಮಾಡ್ತೈತಿ.

ನಮ್ಮ ಕಡೆ ಊರಿಂದ ಊರಿಗೆ ಮಾತಾಡಬೇಕಂದ್ರ ಟ್ರಂಕ್ ಕಾಲ್ ಬುಕ್ ಮಾಡಿ ಕೂಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ್ಜೆ. ಲೈಟ್ನಿಂಗ್‌ಗೆ ರೊಕ್ಕಾ ಕೇಳಿದ್ರ ಮಿಂಚು ಹೊಡದಂಗ ಆಗ್ತಿತ್ತು. 1960ರಾಗ ಲಖನೌ, ಕಾನಪುರದ ನಡಕ ದೇಶದ ಮೊದಲನೇ ಎಸ್‌ಟಿಡಿ ಬಂತು. ಹಳ್ಳಿಗೆ ಮಾತ್ರ ಅದರ ಗಾಳಿನೂ ಸೋಕಲಿಲ್ಲ.

ನಮ್ಮವ್ವನ ತವರಮನಿ ಕಿತ್ತೂರಿನ ಆಕಡೆ ಒಂದು ಹಳ್ಳಿ. 1984ರ ಮಳಿಗಾಲದಾಗ ಅಜ್ಜ ತೀರಿಕೊಂಡ. ಊರಾಗ ಫೋನಿಲ್ಲ. ಯಾರೋ ಸೈಕಲ್ ಮ್ಯಾಲ ಹೋಗಿ ತಾರು ಕೊಟ್ರು. ಅದು ಹುಬ್ಬಳ್ಳಿಗೆ ಮುಟ್ಟಿ, ಅವ್ವ ನನ್ನ ಬಗಲಾಗ ಎತಗೊಂಡು ಬಸ್ಸು ಬದಲಿಸಿ ಹೋಗೂದರಾಗ ಅಜ್ಜನ ಮಣ್ಣು ಮುಗದಿತ್ತು. ಅವ್ವ ಈಗೂ ಅಂತಾಳ, "ಐವತ್ತು ಮೈಲಿ ಅಲ್ಲ, ಆಕಾಶ ದೂರ ಅಲ್ಲ, ಇಲ್ಲೇ ಧಾರವಾಡದ ಮುಂದ. ಬಾಯಾಗ ಹನಿ ನೀರು ಬಿಡಾಕ ಆಗಲಿಲ್ಲ."

ಅದ 1984ರಾಗ ದಿಲ್ಲಿಯೊಳಗ ಸಿ-ಡಾಟ್ ಅನ್ನೋ ಸರಕಾರದ ಸಂಸ್ಥೆ ಶುರು ಆತು. ಅಮೇರಿಕಾದಿಂದ ಬಂದ ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ರು. ಹೊರದೇಶದ ಎಕ್ಸ್‌ಚೇಂಜು ದೊಡ್ಡ ಊರಿಗೆ ಮಾಡಿದ್ದು. ಅವಕ್ಕ ಎಸಿ ಬೇಕು, ಧೂಳು ಆಗೂದಿಲ್ಲ. ಅದಕ್ಕ ಇವರು ನಮ್ಮ ಬಿಸಲಿಗೆ, ಧೂಳಿಗೆ ಒಗ್ಗೋವಂಥ, ಎಸಿ ಬೇಡದ ಸಣ್ಣ ಎಕ್ಸ್‌ಚೇಂಜು ಮಾಡಿದ್ರು. ಒಂದು ಕಪಾಟಿನಷ್ಟು, 128 ತುದಿ. ಕೆಲವು ತುದಿ ಊರಿನ ಮನಿಗಳಿಗೆ, ಕೆಲವು ಹೊರಗಿನ ಊರಿಗೆ. ಆ ತುದಿಗೇ "ಪೋರ್ಟ್" ಅಂತಾರ. ನಿಮ್ಮ ರೌಟರಿನ ಬೆನ್ನಿಗಿರೋ ಚೌಕ ತೂತುಗಳೂ ಪೋರ್ಟೇ. ಇಂಥ ಮೊದಲನೇ ಹಳ್ಳಿ ಎಕ್ಸ್‌ಚೇಂಜನ್ನ ದೇಶದಾಗ ಎಲ್ಲಿ ಕೂಡಿಸಿದ್ರು ಗೊತ್ತೇನ್ರಿ? ನಮ್ಮ ಕಿತ್ತೂರಿನಾಗ, 1986ರಾಗ!

ಇದನ್ನ ಓದಿದಾಗ ನಾನು ಅವ್ವಗ ಫೋನ್ ಹಚ್ಚಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ಲು. "ಎರಡು ವರ್ಷ ತಡಾ ಆತಲ್ಲವಾ" ಅಂದ್ಲು. 1824ರಾಗ ಚನ್ನಮ್ಮ ರಾಣಿ ಥ್ಯಾಕರೆನ್ನ ಸೋಲಿಸಿದ್ದಕ್ಕ ಕಿತ್ತೂರು ಎಲ್ಲಾರಿಗೂ ಗೊತ್ತು. ನಾವು ಹುಬ್ಬಳ್ಳಿಯವರು ದಿನಾ ಆಕಿ ಸರ್ಕಲ್ ದಾಟಿನ ಬಜಾರಕ್ಕ ಹೋಗ್ತೇವಿ. ಆದ್ರ ಈ ಕಪಾಟಿನ ಕಥಿ ನಮಗ ಯಾರೂ ಹೇಳಲಿಲ್ಲ.

ಮುಂದ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂದ್ವು. 1995ರ ಆಗಸ್ಟ್ 15ಕ್ಕ ದೇಶದ ಮಂದಿಗೆ ಇಂಟರ್ನೆಟ್ ಬಂತು, ಅದೂ ಟೆಲಿಫೋನ್ ತಂತಿ ಮ್ಯಾಲೇ. ಆ ತಂತಿಗೆ ದನಿ ಅಷ್ಟ ತಿಳೀತೈತಿ, ಕಂಪ್ಯೂಟರಿಗೆ ಸೊನ್ನಿ-ಒಂದು ಅಷ್ಟ ತಿಳೀತೈತಿ. ನಡಕ ಕೂತು ಈಕಡೆ ಮಾತು ಆಕಡೆ ಹೇಳೂದು "ಮೋಡೆಮ್". ಸೈಬರ್ ಕೆಫೆದಾಗ ಮೊದಲ ಕೀಂ ಕರ್ರ್ ಅಂತ ಒದರತಿತ್ತಲ್ಲ, ಅದು ಮೋಡೆಮ್ ಆಕಡೆಯವನ ಜೋಡಿ ಮಾತಾಡೋ ಸಪ್ಪಳ.

ರೌಟರ್ ಅಂದ್ರ? ನಿಮಗ ಪಿ.ಪಿ. ನಂಬರ್ ನೆನಪೈತೇನು? ಓಣಿಗೆಲ್ಲಾ ಒಂದ ಫೋನ್, ಎಲ್ಲಾರೂ ಅದ ನಂಬರ್ ಕೊಡೋರು. ಫೋನ್ ಬಂದ್ರ ಆ ಮನಿ ವೈನಿಯವರು ಹೊರಗ ಬಂದು "ನಿಮಗ ಫೋನ್ ಬಂದೈತ್ರೀ" ಅಂತ ಒದರೋರು. ರೌಟರ್ ಆ ವೈನಿ. ಹೊರಗಿನವರಿಗೆ ನಮ್ಮ ಮನಿಗೆ ಒಂದ ನಂಬರ್. ಒಳಗ ಅತ್ತಿ ಟ್ಯಾಬ್, ಮಗನ ಲ್ಯಾಪ್‌ಟಾಪ್, ನನ್ನ ಮೊಬೈಲು. ಬಂದದ್ದು ಯಾರಿಗೆ ಅಂತ ನೋಡಿ ಮುಟ್ಟಿಸೂದು ಅದರ ಕೆಲಸ. ಆ ನಂಬರಿಗೆ "ಐಪಿ ಅಡ್ರೆಸ್" ಅಂತಾರ.

ಆದ್ರ ಅಂಥ ನಂಬರ್ ಯಾರಿಗೆ ನೆನಪಿರ್ತಾವು? ನಾವು ಹೆಸರು ಬರೀತೇವಿ, ನಂಬರ್ ಹುಡುಕೂದನ್ನ ಡಿಎನ್‌ಎಸ್ ಅನ್ನೋ ವ್ಯವಸ್ಥಾ ಮಾಡ್ತೈತಿ. ಇದು 1983ರಾಗ ಬಂತು. ಅದಕ್ಕಿಂತ ಮೊದಲ ಈ ಹೆಸರು-ನಂಬರಿನ ವಹಿ ಇಡತಿದ್ದದ್ದು ಕ್ಯಾಲಿಫೋರ್ನಿಯಾದ ಎಲಿಜಬೆತ್ ಫೈನ್ಲರ್ ಅನ್ನಾಕಿ ಮತ್ತ ಅಕಿ ಆಫೀಸಿನವರು. ಹೊಸಾ ಕಂಪ್ಯೂಟರ್ ಸೇರಿಸಬೇಕಂದ್ರ ಅವರಿಗೆ ತಿಳಿಸಿ ಬರಸಬೇಕು. ಆಗಿನ ನೆಟ್ ಅಷ್ಟು ಸಣ್ಣದು, ಒಂದು ಆಫೀಸಿನ ವಹಿಯಾಗ ಹಿಡೀತಿತ್ತು.

"ಸರ್ವರ್ ಇಲ್ರಿ, ನಾಳಿ ಬರ್ರಿ" ಅನ್ನೂದನ್ನ ಕೇಳದ ಹೆಣ್ಮಕ್ಕಳು ಯಾರು? ಸರ್ವರ್ ಅಂದ್ರ ಬಡಸಾಕಿ. ದೂರ ಎಲ್ಲೋ ಇರೋ ಕಂಪ್ಯೂಟರು, ಕೇಳಿದವರಿಗೆ ಕೇಳಿದ್ದು ಬಡಸ್ತೈತಿ. ನಮ್ಮ ಕರ್ನಾಟಕದಾಗ 2001ರ ಸುಮಾರಿಗೆ "ಭೂಮಿ" ಅಂತ ಯೋಜನಾ ಬಂದು ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ್ವು. ಕೈಲೆ ಬರದ ಉತಾರಕ್ಕ ಕಿಮ್ಮತ್ತು ಉಳೀಲಿಲ್ಲ, ಆಗ 15 ರೂಪಾಯಿ ಕೊಟ್ರ ಛಾಪಿಸಿದ್ದು ಕೈಗೆ ಬರ್ತಿತ್ತು. ಅಜ್ಜನ ಹೊಲದ ಉತಾರದಾಗ ಅವ್ವ ತನ್ನ ಹೆಸರು ತಾನ ಓದಿಕೊಂಡದ್ದು ಅವಾಗನ.

ಇನ್ನೊಂದು ಗೊಂದಲ ಭಾಳ ಮಂದಿಗೆ ಐತಿ. ವೈ-ಫೈ ಅಂದ್ರ ಇಂಟರ್ನೆಟ್ ಅಲ್ಲ! 1999ರಾಗ ಇಟ್ಟ ಆ ಹೆಸರಿಗೆ ಬಿಡಿಸಿ ಹೇಳೋ ಅರ್ಥನ ಇಲ್ಲ, ಚಂದ ಕೇಳಸ್ತೈತಿ ಅಂತ ಇಟ್ಟದ್ದು. ಹುಬ್ಬಳ್ಳಿಯವರಿಗೆ ಇದನ್ನ ತಿಳಿಸೂದು ಸೋವಿ. ವೈ-ಫೈ ಅಂದ್ರ ಮನ್ಯಾಗಿನ ನಳ. ಇಂಟರ್ನೆಟ್ ಅಂದ್ರ ಮಲಪ್ರಭಾದ ನೀರು. ನಳ ಫಳಫಳ ಹೊಳೀತಿದ್ರೂ ನೀರು ವಾರಕ್ಕೊಮ್ಮೆ ಬಂದದ್ದನ್ನ ನಾವು ನೋಡಿಲ್ಲೇನು? ಮೊಬೈಲಿನಾಗ ವೈ-ಫೈ ಗೀಟು ಪೂರಾ ತುಂಬಿದ್ರೂ ನೆಟ್ ಬರಲಿಲ್ಲಂದ್ರ, ನಳಕ್ಕ ಬೈಬ್ಯಾಡ್ರಿ. ಹೊರಗಿನ ಪೈಪ್ ನೋಡ್ರಿ.

ಆ ಪೈಪ ನಾನು ಮಡಚಿದ್ದ ವಾಯರು. ಫೈಬರ್ ಅಂತಾರ. ಅದರಾಗ ತಾಮ್ರ ಇಲ್ಲ, ಕೂದಲಿನಷ್ಟು ಸಣ್ಣ ಗಾಜಿನ ಎಳಿ ಐತಿ, ಎಳಿಯಾಗ ಬೆಳಕು ಹರೀತೈತಿ. ನೆಟ್ಟಗಿದ್ರ, ಸಾವಕಾಶ ಬಳಕಿದ್ರ ಹರೀತೈತಿ. ಗಕ್ಕನ ಮಡಚಿದ್ರ ಬೆಳಕು ಹೊರಗ ಚೆಲ್ಲಿ ಹೋಗ್ತೈತಿ. ಆಗ ಬೆಳಕು ಮುಟ್ಟವಲ್ದು ಅಂತ ಡಬ್ಬಿ ಕೆಂಪು ದೀಪ ಹಚ್ಚಿ ಹೇಳ್ತೈತಿ. ಅದ ಎಲ್‌ಓಎಸ್. ಅದಕ್ಕ ಆ ವಾಯರ್ ಮ್ಯಾಲ ಟಾವೆಲ್ ಒಣಗಹಾಕಬ್ಯಾಡ್ರಿ, ಕಪಾಟು ಸರಿಸುವಾಗ ಅಡಕೊತ್ತಬ್ಯಾಡ್ರಿ, ಆಕಾಶಬುಟ್ಟಿಯಂತೂ ಕಟ್ಟಲೇಬ್ಯಾಡ್ರಿ.

ರಿಪೇರಿಯವರು ಬಂದ್ರ ಮೊದಲ ನೀವು ಕೇಳ್ರಿ: ಪವರ್ ದೀಪ ಹತ್ತೈತಿಲ್ಲೋ? ಎಲ್‌ಓಎಸ್ ಯಾವ ಬಣ್ಣ? ಗೀಟು ತುಂಬೈತಿಲ್ಲೋ? ಈ ಮೂರು ಕೇಳಿದ್ರ ಅವರು ಬಾಗಲದಾಗ ನಿಂತು ರೇಟು ಹೇಳೂದಿಲ್ಲ, ಒಳಗ ಬಂದು ನೋಡ್ತಾರ.

ಆ ದೀಪಾವಳಿ ಸಂಜಿ ಹಸರು ದೀಪ ಹತ್ತಿದ ಐದು ನಿಮಿಷಕ್ಕ ನಾದಿನಿ ಕಾಲ್ ಬಂತು. ಆಕಿ ಅಲ್ಲೆ ಅಳಾಕತ್ತಿದ್ಲು, "ಮೂರು ದಿನ ಆತು, ಅವ್ವಗ ಏನರ ಆತೇನು ಅಂತ ಹೆದರಿದ್ನಿ" ಅಂತ. ಅತ್ತಿ ನಕ್ಕೋತ, "ನನಗೇನ ಆಗೈತಿ? ಊಟಾ ಆತೇನವಾ?" ಅಂದ್ರು. ನಮ್ಮವ್ವನೂ ಹಬ್ಬಕ್ಕ ಬಂದಾಕಿ ಬಾಜೂಕ ಕೂತಿದ್ಲು. ಏನೂ ಮಾತಾಡಲಿಲ್ಲ. ಕಾಲ್ ಮುಗದ ಮ್ಯಾಲ ಆ ಗಾಜಿನ ವಾಯರನ್ನ ಬಟ್ಟಿಯಿಂದ ಒರಸಿ, ಮೊಳಿಯಿಂದ ದೂರ ಸರಿಸಿಟ್ಲು.