ಹಿನ್ನೀರಿನ ಗಣಿತ ಮಾದರಿ

ಅಣೆಕಟ್ಟಿಗೋ ಕಡಲ ಉಬ್ಬರಕ್ಕೋ ತಡೆದು ನಿಂತ ನೀರು ನದಿಯಲ್ಲಿ ಎಷ್ಟು ದೂರ, ಎಷ್ಟು ಎತ್ತರಕ್ಕೆ ಏರುತ್ತದೆ ಎಂದು ಲೆಕ್ಕ ಹಾಕುವ ವಿಧಾನ. ಬಾಗಲಕೋಟೆ ಜಿಲ್ಲೆಗೆ ಕಡಲಿಲ್ಲ, ಉಬ್ಬರವಿಳಿತದ ಗಣಿತ ಇಲ್ಲೇಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ, ಫ್ರಾನ್ಸಿನ ಸೇಂಟ್ ವೆನಾಂ 1871ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಇದೆ: ನದಿಯ ನೆರೆ, ನದಿಪಾತ್ರಕ್ಕೆ ನುಗ್ಗುವ ಉಬ್ಬರ ಎರಡನ್ನೂ ಅದು ಒಟ್ಟಿಗೆ ಹೆಸರಿಸುತ್ತದೆ. ಸಮೀಕರಣ ಒಂದೇ, ಬದಲಾಗುವುದು ಅಂಚಿನಲ್ಲಿ ಕೊಡುವ ಮಾಹಿತಿ. ಕಡಲಾದರೆ ಉಬ್ಬರದ ಮಟ್ಟ, ಜಲಾಶಯವಾದರೆ ಗೇಟಿನ ಬಳಿಯ ಮಟ್ಟ. ನೆದರ್‌ಲ್ಯಾಂಡ್ಸ್‌ನಲ್ಲಿ ಜೌಡರ್‌ಜೀ ಕೊಲ್ಲಿಗೆ ಒಡ್ಡು ಕಟ್ಟಿದರೆ ಉಬ್ಬರ ಎಷ್ಟು ಏರೀತೆಂದು ಭೌತವಿಜ್ಞಾನಿ ಲೊರೆಂಟ್ಸ್ ಅವರ ಸಮಿತಿ 1918ರಿಂದ 1926ರವರೆಗೆ ಕೈಲೆಕ್ಕದಲ್ಲೇ ಅಂದಾಜಿಸಿತು. 1950ರ ದಶಕದಲ್ಲಿ ಈ ಕೆಲಸ ಕಂಪ್ಯೂಟರಿಗೆ ಬಂತು. ಜರ್ಮನಿಯ ಹಾನ್ಸೆನ್ ಉತ್ತರ ಸಮುದ್ರಕ್ಕೂ ಅಮೆರಿಕದ ಸ್ಟೋಕರ್ ಮತ್ತು ಸಂಗಡಿಗರು ಓಹಾಯೊ ನದಿಯ ನೆರೆಗೂ ಅದನ್ನು ಬಳಸಿದರು.

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ 2000ದ ಏಪ್ರಿಲ್‌ನಲ್ಲಿ ಒಪ್ಪಿತು. ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ಗೆ ಅನುಮತಿಸಿತು. ಘಟಪ್ರಭೆಯ ದಂಡೆಯ ಹಳೆ ಬಾಗಲಕೋಟೆಯ ಮುಳುಗಡೆ, ನವನಗರದ ಪುನರ್ವಸತಿ ಎಲ್ಲವೂ ಇಂಥ ಮಟ್ಟಗಳ ಸುತ್ತಲೇ ನಡೆದ ಮಾತು. ಆದರೆ ಮಟ್ಟದ ಗೆರೆ ನಿಂತ ನೀರಿಗೆ ಮಾತ್ರ ಸರಿ. ನೆರೆ ಹರಿಯುವಾಗ ನೀರಿನ ಮೈ ಇಳಿಜಾರಾಗಿರುತ್ತದೆ, ಮೇಲ್ಭಾಗದ ಮಟ್ಟ ಅಣೆಕಟ್ಟಿನ ಮಟ್ಟಕ್ಕಿಂತ ಹೆಚ್ಚೇ ಇರುತ್ತದೆ. ಹಾಗಾಗಿ ನದಿಯ ಮೇಲ್ಭಾಗದಲ್ಲಿರುವ ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ನೀರು ಏರಿದ್ದೇ ಆಲಮಟ್ಟಿಯ ತಪ್ಪಿಗೆ ಸಾಕ್ಷಿಯಲ್ಲ. ಸಾಂಗ್ಲಿಯ ಮಟ್ಟ ಆಲಮಟ್ಟಿಗಿಂತ ಎತ್ತರ ಎಂಬುದಷ್ಟೇ ಅಣೆಕಟ್ಟು ನಿರ್ದೋಷಿ ಎನ್ನಲೂ ಸಾಕಾಗದು. ಅದೇ ನೆರೆಯನ್ನು ಅಣೆಕಟ್ಟು ಇದ್ದಂತೆಯೂ ಇಲ್ಲದಂತೆಯೂ ಎರಡು ಸಲ ಲೆಕ್ಕ ಹಾಕಿ ವ್ಯತ್ಯಾಸ ನೋಡಬೇಕು.

ದುಡ್ಡು ಕೊಟ್ಟವರಿಗೆ ಬೇಕಾದ ಉತ್ತರವನ್ನೇ ಮಾದರಿ ಕೊಡುತ್ತದೆ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ನದಿತಳದ ಒರಟುತನದ ಅಂಕಿಯನ್ನು ತುಸು ತಿರುಗಿಸಿದರೆ ಹಿನ್ನೀರಿನ ಉದ್ದವೇ ಬದಲಾದೀತು. ಅದಕ್ಕೇ ಒಂದು ನೆರೆಗೆ ಹೊಂದಿಸಿದ ಮಾದರಿಯನ್ನು ಇನ್ನೊಂದು ನೆರೆಯ ಅಳತೆಗೆ ಒಡ್ಡಿ ನೋಡುವುದು. 2019ರ ನೆರೆಯ ಬಳಿಕ ಮಹಾರಾಷ್ಟ್ರವೇ ನೇಮಿಸಿದ ವಡ್ನೆರೆ ಸಮಿತಿ ಆಲಮಟ್ಟಿಯನ್ನು ಹೊಣೆ ಮಾಡಲಿಲ್ಲ. ಆಲಮಟ್ಟಿಯೇ ಕಾರಣವೆಂಬ ತನ್ನ ಸರ್ಕಾರದ ದೂರಿಗೆ ವಿರುದ್ಧವಾದ ಮಾತಾದ್ದರಿಂದ ಅದಕ್ಕೆ ತೂಕ ಹೆಚ್ಚು. ಹಾಗೆಂದು ಆ ನೆರೆಯ ಉತ್ತರವನ್ನು ಎತ್ತರಿಸಿದ ಅಣೆಕಟ್ಟಿಗೂ ಹೂಳು ತುಂಬಿದ ಪಾತ್ರಕ್ಕೂ ಹಾಗೇ ಅನ್ವಯಿಸಲಾಗದು.

ಜಿಲ್ಲೆಯ ಎಲ್ಲ ನೆರೆಯೂ ಹಿನ್ನೀರಿನದಲ್ಲ. ಹುನಗುಂದದ ಕೂಡಲಸಂಗಮದಲ್ಲಿ ನಿಲ್ಲುವುದು ನಾರಾಯಣಪುರ ಜಲಾಶಯದ ನೀರು. ಅಲ್ಲಿನ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದು ಅದಕ್ಕೇ. ಆದರೆ ಬಾದಾಮಿ ತಾಲೂಕಿನ ಪಟ್ಟದಕಲ್ಲಿಗೆ 2019ರ ಆಗಸ್ಟ್‌ನಲ್ಲಿ ನುಗ್ಗಿದ ಮಲಪ್ರಭಾ ನದಿಯ ನೀರು ಮೇಲಿನಿಂದ ಬಂದದ್ದು. ಅಲ್ಲಿಯ ಲೆಕ್ಕಕ್ಕೆ ಬೇಕಾದದ್ದು ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು, ಉಪನದಿ ಬೆಣ್ಣಿಹಳ್ಳದ ಹರಿವು, ಒತ್ತುವರಿಯಿಂದ ಕಿರಿದಾದ ನದಿಪಾತ್ರದ ಅಳತೆ.