‘ಇಂದ’ ವಿಳಾಸ ಸುಳ್ಳಾದರೆ ಜೈಲೇ?

ಹೈಸ್ಕೂಲಿನಲ್ಲಿ ಪತ್ರಲೇಖನ ಅಂದರೆ ಮೇಲೆ ‘ಇಂದ’, ಕೆಳಗೆ ‘ಗೆ’. ನೆನಪಿದೆಯಾ? ‘ಗೆ’ ತಪ್ಪಾದರೆ ಪತ್ರ ತಲುಪೋದಿಲ್ಲ. ‘ಇಂದ’ದಲ್ಲಿ ಏನು ಬರೆದರೂ ಪೋಸ್ಟ್‌ಮ್ಯಾನ್ ಕೇಳೋದಿಲ್ಲ. 1982ರಲ್ಲಿ ಈಮೇಲ್ ಸಾಗಿಸೋ ಎಸ್‌ಎಂಟಿಪಿ ನಿಯಮಗಳನ್ನು ಬರೆದಾಗಲೂ ಹಾಗೇ ಬಿಟ್ಟರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೆಸ್ಟ್ ಸರ್ವರ್‌ಗೆ ಟೆಲ್ನೆಟ್ ಮಾಡಿ, ಮ್ಯಾನೇಜರ್ ಹೆಸರಿನಿಂದ ನನಗೆ ನಾನೇ ರಜೆ ಮಂಜೂರು ಮಾಡಿಕೊಂಡಿದ್ದೆ (ಮೇಲ್‌ನಲ್ಲಿ ಮಾತ್ರ!).

ಅಮೆರಿಕದ ನಾರ್ತ್ ಕೆರೊಲಿನಾದ ಜೆರೆಮಿ ಜೇನ್ಸ್ ಇದನ್ನೇ ದಂಧೆ ಮಾಡಿಕೊಂಡಿದ್ದ. ಪಕ್ಕದ ವರ್ಜೀನಿಯಾ ರಾಜ್ಯದಲ್ಲಿ 2003ರ ಜುಲೈ 1ರಿಂದ ಹೊಸ ಕಾನೂನು ಬಂತು. ಸುಳ್ಳು ಮೂಲ ತೋರಿಸಿ, ಕೇಳದೇ ಇದ್ದವರಿಗೆ 24 ಗಂಟೆಯಲ್ಲಿ 10,000ಕ್ಕಿಂತ ಹೆಚ್ಚು ಮೇಲ್ ಕಳಿಸಿದರೆ ಘೋರ ಅಪರಾಧ. ಜುಲೈ 16ರಂದು ಜೇನ್ಸ್ ಕಳಿಸಿದ್ದು 12,197. 19ರಂದು 24,172. 26ರಂದು 19,104. ಕೂತಿದ್ದು ತನ್ನ ಊರಲ್ಲೇ, ಆದರೆ ಮೇಲ್‌ಗಳು ಹೋಗಿದ್ದು ಎಒಎಲ್ ಕಂಪನಿಯ ಸರ್ವರ್‌ಗಳಿಗೆ. ಅವು ಇದ್ದದ್ದು ವರ್ಜೀನಿಯಾದಲ್ಲಿ. ಸಿಕ್ಕಿಬಿದ್ದ! 2004ರಲ್ಲಿ ತಪ್ಪಿತಸ್ಥ ಅಂತಾಯ್ತು, 2005ರಲ್ಲಿ ಒಂಬತ್ತು ವರ್ಷ ಶಿಕ್ಷೆ.

ನನಗೆ ಅವನ ಮೇಲೆ ಚೂರೂ ಕನಿಕರ ಇಲ್ಲ. ಆದರೆ ಕಥೆ ತಿರುಗಿದ್ದು ಆಮೇಲೆ. 2008ರ ಫೆಬ್ರವರಿಯಲ್ಲಿ ಶಿಕ್ಷೆಯನ್ನು 4-3ರಲ್ಲಿ ಎತ್ತಿಹಿಡಿದಿದ್ದ ವರ್ಜೀನಿಯಾ ಸುಪ್ರೀಂ ಕೋರ್ಟ್, ಸೆಪ್ಟೆಂಬರ್‌ನಲ್ಲಿ ಕಾನೂನನ್ನೇ ರದ್ದು ಮಾಡಿತು. ಕಾರಣ ಏನು ಗೊತ್ತಾ? 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ‘ಪಬ್ಲಿಯಸ್’ ಅನ್ನೋ ಒಂದೇ ಗುಪ್ತನಾಮದಲ್ಲಿ ಅಮೆರಿಕದ ಸಂವಿಧಾನದ ಪರ ಲೇಖನ ಬರೆದಿದ್ದರು. ಆ ಪಬ್ಲಿಯಸ್ ಇವತ್ತು ಅದನ್ನೇ ಮೇಲ್ ಮಾಡಿದರೆ ಅವನೂ ಅಪರಾಧಿಯೇ! ಹೆಸರು ಮುಚ್ಚಿಟ್ಟು ಮಾತಾಡಬೇಕೆಂದರೆ ಮೇಲ್‌ನ ಮೂಲವನ್ನೂ ಮುಚ್ಚಿಡಬೇಕಲ್ಲ. ರಾಜಕೀಯ, ಧರ್ಮ, ಜಾಹೀರಾತು ಅಂತ ಕಾನೂನು ಭೇದ ಮಾಡಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಇಫ್‌ನಲ್ಲಿ ಒಂದು ಕಂಡೀಷನ್ ಬಿಟ್ಟುಹೋಗಿತ್ತು. ಅದೇ 2003ರ ಕೊನೆಯಲ್ಲಿ ಸಹಿಯಾದ ಕೇಂದ್ರದ ಕ್ಯಾನ್-ಸ್ಪ್ಯಾಮ್ ಕಾಯ್ದೆಯಲ್ಲಿ ‘ವಾಣಿಜ್ಯ’ ಅನ್ನೋ ಪದ ಇತ್ತು. ಆದರೆ ಅದು ಜಾರಿಗೆ ಬಂದಿದ್ದು 2004ರ ಜನವರಿ 1ಕ್ಕೆ, ಜೇನ್ಸ್‌ನ ಜುಲೈ ಮೇಲ್‌ಗಳೆಲ್ಲ ಹೋಗಿ ಮುಟ್ಟಿದ ಮೇಲೆ. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವರ್ಜೀನಿಯಾದ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ.

ಅದೇ 2009ರಲ್ಲಿ ನಮ್ಮಲ್ಲಿ ಐಟಿ ಕಾಯ್ದೆಯ 66ಎ ಜಾರಿಗೆ ಬಂತು. ಅದರ ಮೂರನೇ ಭಾಗ ಮೇಲ್‌ಗಳದ್ದು: ಮೂಲದ ಬಗ್ಗೆ ದಾರಿ ತಪ್ಪಿಸಿದರೂ ಸರಿ, ಬರೀ ಕಿರಿಕಿರಿ ಮಾಡೋಕೆ ಕಳಿಸಿದರೂ ಸರಿ, ಮೂರು ವರ್ಷದವರೆಗೆ ಜೈಲು. ಎಷ್ಟು ಮೇಲ್ ಅನ್ನೋ ಲೆಕ್ಕವೂ ಇಲ್ಲ, ‘ವಾಣಿಜ್ಯ’ವೂ ಇಲ್ಲ. 2012ರಲ್ಲಿ ಇದೇ 66ಎ ಹಿಡಿದುಕೊಂಡು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪೊಲೀಸರು ಬಂಧಿಸಿದ್ದು ಯಾವ ಸ್ಪ್ಯಾಮರ್‌ನನ್ನೂ ಅಲ್ಲ. ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಒಬ್ಬ ಹುಡುಗಿಯನ್ನು, ಜೊತೆಗೆ ಅದಕ್ಕೆ ಲೈಕ್ ಒತ್ತಿದ ಅವಳ ಗೆಳತಿಯನ್ನು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 66ಎ ಪೂರ್ತಿ ಹೊಡೆದುಹಾಕಿತು. ಅದರ ಜೊತೆ ಮೇಲ್‌ನ ಭಾಗವೂ ಹೋಯಿತು.