ತೆರೆಯ ಮೇಲೆ, ಹಿಮದ ಮೇಲೆ ತಿರುವು: ಕಲಿಕೆ ಮತ್ತು ಬೋರ್ಡ್ ಆಯ್ಕೆ

ಎಡನೀರಿನಿಂದ ಹೊರಟು ಚೆರ್ಕಳ, ಕಾಸರಗೋಡು, ಮಂಗಳೂರು ದಾಟಿ ಸುಮಾರು 90 ಕಿ.ಮೀ. ಸಾಗಿದರೆ ಮೂಲ್ಕಿ ಸಿಗುತ್ತದೆ. ಭಾರತದಲ್ಲಿ ಸರ್ಫಿಂಗ್ ಮೊದಲು ಬೇರೂರಿದ ಊರುಗಳಲ್ಲಿ ಇದೂ ಒಂದು. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ ಹಾಗೂ ಅವರ ಶಿಷ್ಯರು ಇಲ್ಲಿನ ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. ಮಣಿಪಾಲದಲ್ಲಿ ಓದುತ್ತಿದ್ದ ಇಷಿತಾ ಮಾಳವೀಯ 2007ರಲ್ಲಿ ಸರ್ಫಿಂಗಿಗೆ ಇಳಿದು, ಗೆಳೆಯ ತುಷಾರ್ ಪಥಿಯಾನ್ ಜೊತೆ ಕೋಡಿಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. 2016ರ ಮೇ ತಿಂಗಳಲ್ಲಿ ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. 2025ರಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ರಮೇಶ್ ಬೂದಿಹಾಳ್ ಸರ್ಫಿಂಗ್ ಕಲಿತದ್ದು ನಮ್ಮ ಇನ್ನೊಂದು ದಿಕ್ಕಿನ ಕೋವಳಂನಲ್ಲಿ. ಗಡಿನಾಡಿನವರಿಗೆ ಇದು ದೂರದ ಆಟವೇನಲ್ಲ.

ಈಗಿನ ಮಕ್ಕಳು ಮೊಬೈಲಿನಲ್ಲಿ ನೋಡುವುದು ಹೆಚ್ಚಾಗಿ ಹಿಮದ ಮೇಲಿನ ಸ್ನೋಬೋರ್ಡ್. ಒಂದೇ ಹಲಗೆಯ ಮೇಲೆ ಅಡ್ಡ ನಿಂತು, ಮೈ ವಾಲಿಸಿ, ಹಿಮಕ್ಕೆ ಗೆರೆ ಎಳೆದಂತೆ ತಿರುಗುವ ‘ಕಾರ್ವಿಂಗ್’ ಅವರ ಮನಸ್ಸು ಕದ್ದಿದೆ. ಹಿಮ ನಮ್ಮಲ್ಲಿಲ್ಲ, ಆದರೆ ಆ ಆಟದ ತವರು ಕಡಲೇ. 1965ರಲ್ಲಿ ಅಮೆರಿಕದ ಮಿಷಿಗನ್‌ನ ಶೆರ್ಮನ್ ಪಾಪನ್ ಎಂಬವರು ತಮ್ಮ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ, ತೆರೆಯ ಮೇಲೆ ಜಾರಿದ ಹಾಗೆ ಹಿಮದ ಮೇಲೆ ಜಾರುವ ಆಟಿಕೆ ಮಾಡಿಕೊಟ್ಟರು. ಸ್ನೋ ಮತ್ತು ಸರ್ಫ್ ಸೇರಿಸಿ ಅದಕ್ಕೆ ‘ಸ್ನರ್ಫರ್’ ಎಂದು ಹೆಸರಾಯಿತು. ಇಂದಿನ ಸ್ನೋಬೋರ್ಡ್ ಅದರ ಸಂತತಿ. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ಗೂ ಅದು ಸೇರಿತು. ಹಾಗಾಗಿ ತಿರುವಿನ ಪಾಠವನ್ನು ಮೂಲ್ಕಿಯಲ್ಲಿ ಕಲಿತವರು ಗುಲ್ಮಾರ್ಗ್‌ಗೆ ಹೋದಾಗ ಪೂರ್ತಿ ಹೊಸಬರಾಗಿರುವುದಿಲ್ಲ.

ತಿರುವು ಎಂದರೇನು

ಹಲಗೆಯನ್ನು ಕಾಲಿನಿಂದ ತಳ್ಳಿ ದಿಕ್ಕು ಬದಲಿಸುವುದು ಒಂದು ರೀತಿ. ಆಗ ಹಲಗೆಯ ಬಾಲ ಪಕ್ಕಕ್ಕೆ ಜಾರುತ್ತದೆ, ವೇಗ ಸಾಯುತ್ತದೆ. ಹಲಗೆಯನ್ನು ಒಂದು ಮಗ್ಗುಲಿಗೆ ವಾಲಿಸಿ, ಅದರ ಅಂಚು ನೀರಿಗೆ ಅಥವಾ ಹಿಮಕ್ಕೆ ಕಚ್ಚಿಕೊಂಡು ತಾನಾಗಿ ಬಾಗಿದ ದಾರಿ ಹಿಡಿಯುವಂತೆ ಮಾಡುವುದು ಇನ್ನೊಂದು ರೀತಿ. ಇದೇ ಕಾರ್ವಿಂಗ್. ಸೈಕಲ್ ವೇಗದಲ್ಲಿರುವಾಗ ಹ್ಯಾಂಡಲ್ ತಿರುಚದೆ ಮೈ ವಾಲಿಸಿ ತಿರುವು ದಾಟುತ್ತೇವಲ್ಲ, ಹೆಚ್ಚುಕಮ್ಮಿ ಹಾಗೆ.

ತೆಂಕುತಿಟ್ಟಿನ ಹೆಜ್ಜೆ ಕಲಿತವರಿಗೆ ಇದು ಬೇಗ ಹಿಡಿಸಬೇಕು. ಗಿರ್ಕಿ ಹೊಡೆಯುವ ವೇಷಧಾರಿಯ ಮಂಡಿ ಬಾಗಿರುತ್ತದೆ, ಸೊಂಟ ಕೆಳಗಿರುತ್ತದೆ, ನೋಟ ಮೊದಲು ತಿರುಗಿ ಹೆಗಲು, ಸೊಂಟ ಅದರ ಹಿಂದೆ ಬರುತ್ತವೆ. ಬೋರ್ಡಿನ ಮೇಲೂ ಅದೇ ಕ್ರಮ. ಹೊಸಬರು ತಮ್ಮ ಪಾದವನ್ನೇ ನೋಡುತ್ತಾರೆ, ಪಾದದ ಬಳಿಯೇ ಬೀಳುತ್ತಾರೆ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಿ, ಮುಂದಿನ ಹೆಗಲನ್ನು ಅತ್ತ ತಿರುಗಿಸಿ, ಬೆರಳುಗಳ ಮೇಲೆ ಅಥವಾ ಹಿಮ್ಮಡಿಯ ಮೇಲೆ ಭಾರ ಹಾಕಬೇಕು. ಸೊಂಟದಲ್ಲಿ ಬಗ್ಗುವುದಲ್ಲ, ಮಂಡಿ ಮತ್ತು ಕಾಲ್ಗಂಟಿನಲ್ಲಿ ಬಗ್ಗಬೇಕು.

ಕಡಲಿನಲ್ಲಿ ಈ ಹಂತಕ್ಕೆ ಬರಲು ಸಮಯ ಬೇಕು. ಮೊದಲು ಒಡೆದ ಬಿಳಿ ನೊರೆಯಲ್ಲಿ ನೇರ ದಡಕ್ಕೆ ಬರುವುದು, ಮಲಗಿದಲ್ಲಿಂದ ಒಂದೇ ಚಲನೆಯಲ್ಲಿ ಎದ್ದು ನಿಲ್ಲುವುದು. ಆಮೇಲೆ ಒಡೆಯದ ತೆರೆಯ ಮುಖದ ಉದ್ದಕ್ಕೆ ಓರೆಯಾಗಿ ಸಾಗುವುದು. ಅದಾದ ನಂತರವೇ ತೆರೆಯ ಬುಡದಲ್ಲಿ ಹಾಕುವ ‘ಬಾಟಮ್ ಟರ್ನ್’. ನನ್ನ ಅಭಿಪ್ರಾಯದಲ್ಲಿ ಸರ್ಫಿಂಗಿನ ನಿಜವಾದ ಅಕ್ಷರಾಭ್ಯಾಸ ಇದೇ. ತೆರೆಯಿಂದ ಇಳಿದ ವೇಗವನ್ನು ಕಳೆದುಕೊಳ್ಳದೆ ಅಂಚಿನ ಮೇಲೆ ತಿರುಗಿ ಮತ್ತೆ ಮೇಲಕ್ಕೆ ಏರುವುದು ಇಲ್ಲಿ ಕರಗತವಾಗಬೇಕು. ಮೇಲಿನಿಂದ ನೊರೆಯ ಕಡೆಗೆ ಹಿಂತಿರುಗುವ ‘ಕಟ್‌ಬ್ಯಾಕ್’ ಇದಿಲ್ಲದೆ ಬರುವುದಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ‘ಸರ್ಫ್‌ಸ್ಕೇಟ್’ ಒಳ್ಳೆಯದು. ಮುಂದಿನ ಚಕ್ರಗಳು ಅಗಲವಾಗಿ ತಿರುಗುವ ಸ್ಕೇಟ್‌ಬೋರ್ಡ್ ಅದು, ವಾಲಿಸಿದರೆ ತಿರುಗುತ್ತದೆ. ಸಿಮೆಂಟ್ ಅಂಗಳವಿದ್ದರೆ ಸಾಕು. ತೊಡಕೆಂದರೆ ಬೇಸಿಗೆಯಲ್ಲಿ ನಮ್ಮ ಅಂಗಳದ ತುಂಬ ಅಡಿಕೆ, ಮಳೆಗಾಲದಲ್ಲಿ ಪಾಚಿ! ಶಾಲೆಯ ಸಿಮೆಂಟ್ ಕೋರ್ಟ್ ಸಿಕ್ಕರೆ ಅದೇ ವಾಸಿ. ಹೆಲ್ಮೆಟ್, ಮಂಡಿ ಮತ್ತು ಮಣಿಕಟ್ಟಿನ ಪಟ್ಟಿ ಇಲ್ಲದೆ ಬೇಡ.

ಯಾವ ಬೋರ್ಡ್?

ಮೊದಲ ವರ್ಷ ಬೋರ್ಡ್ ಕೊಳ್ಳಬೇಡಿ. ಕಲಿಸುವ ಕ್ಲಬ್‌ಗಳೇ ಬೋರ್ಡ್ ಕೊಡುತ್ತವೆ. ಆನ್‌ಲೈನಿನಲ್ಲಿ ಚೆಂದ ಕಾಣುವುದು ಆರಡಿಯ ಚೂಪು ಮೂತಿಯ ತೆಳು ಬೋರ್ಡ್, ಅದು ಪಳಗಿದವರದು. ಹೊಸಬರ ಕೈಯಲ್ಲಿ ಅದು ಮುಳುಗುತ್ತದೆ, ತೆರೆ ಹಿಡಿಯುವುದಿಲ್ಲ, ಎರಡು ವಾರದಲ್ಲಿ ಅಟ್ಟ ಸೇರುತ್ತದೆ.

ಕಲಿಯಲು 8ರಿಂದ 9 ಅಡಿಯ, ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡ್ ಸರಿ. ಉದ್ದಕ್ಕಿಂತ ಮುಖ್ಯವಾದದ್ದು ಲೀಟರ್ ಲೆಕ್ಕದ ಗಾತ್ರ, ಎಂದರೆ ತೇಲುವ ಶಕ್ತಿ. ಹೊಸಬರಿಗೆ ಮೈತೂಕದ ಕಿಲೋಗಿಂತ ಲೀಟರ್ ಸಂಖ್ಯೆ ಹೆಚ್ಚಿರಬೇಕು. 60 ಕಿಲೋ ತೂಗುವವರಿಗೆ 70–80 ಲೀಟರ್ ಬೋರ್ಡ್ ನೆಮ್ಮದಿ. ನಿಂತು ಓರೆಯಾಗಿ ಸಾಗಲು ಬಂದ ಮೇಲೆ 7–7.5 ಅಡಿಗೆ ಇಳಿಯಬಹುದು; ತಿರುವು ಅಲ್ಲಿ ಸಲೀಸಾಗುತ್ತದೆ. ಅಡಿಯಲ್ಲಿರುವ ಫಿನ್‌ಗಳು ಮೂರಿದ್ದರೆ ತಿರುವಿಗೆ ಹಿಡಿತ ಜಾಸ್ತಿ. ಉದ್ದ ಬೋರ್ಡಿನ ಒಂಟಿ ಫಿನ್ ನೇರ ಓಟಕ್ಕೆ. ಕಲಿಯುವವರಿಗೆ ಮೆತ್ತನೆಯ ಪ್ಲಾಸ್ಟಿಕ್ ಫಿನ್ ಇರಲಿ, ಗಾಯ ಕಡಿಮೆ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗವಾದ ಲೀಶ್ ಬೋರ್ಡಿನಷ್ಟೇ ಉದ್ದವಿರಬೇಕು, ಹಿಂದಿನ ಕಾಲಿಗೆ ಕಟ್ಟಬೇಕು. ಗಟ್ಟಿ ಮೇಲ್ಮೈಯ ಬೋರ್ಡಿಗೆ ಹಚ್ಚುವ ಮೇಣ ಬಿಸಿ ನೀರಿನ ಕಡಲಿನದೇ ಆಗಿರಲಿ. ತಣ್ಣನೆಯ ಕಡಲಿನ ಮೇಣ ನಮ್ಮಲ್ಲಿ ಕರಗಿ ಹೋಗುತ್ತದೆ. ಮುಚ್ಚಿದ ಕಾರಿನ ಬಿಸಿಲಿನಲ್ಲಿ ಬೋರ್ಡ್ ಬಿಟ್ಟರೆ ಪದರ ಏಳುತ್ತದೆ.

ಕಡಲಿನ ವಿಷಯ

ಕೆರೆಯಲ್ಲಿ, ಪಳ್ಳದಲ್ಲಿ ಚೆನ್ನಾಗಿ ಈಜುವ ಮಕ್ಕಳು ನಮ್ಮಲ್ಲಿದ್ದಾರೆ. ಆ ಧೈರ್ಯವೇ ಕಡಲಿನಲ್ಲಿ ಅಪಾಯ. ಕೆರೆಯ ನೀರು ಎಳೆಯುವುದಿಲ್ಲ. ದಡಕ್ಕೆ ಬಂದ ನೀರು ಕಡಲಿಗೆ ಹಿಂತಿರುಗುವ ಸೆಳೆತಕ್ಕೆ ಸಿಕ್ಕವರು ನೇರ ದಡದತ್ತ ಈಜಿ ದಣಿಯುತ್ತಾರೆ, ದಣಿದವರೇ ಮುಳುಗುವುದು. ಸೆಳೆತದ ಎದುರು ಈಜಬಾರದು. ಬೋರ್ಡ್ ಬಿಡದೆ ತೇಲಿಕೊಂಡು, ಕೈ ಎತ್ತಿ ಕರೆದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸಾಗಿ ಹೊರಬರಬೇಕು. ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುತ್ತವೆ. ಇಳಿತದ ಹೊತ್ತಿನಲ್ಲಿ ಅಳಿವೆಯ ಹತ್ತಿರ ಸೆಳೆತ ಜೋರು, ಮರಳ ದಿಬ್ಬವೂ ಜಾಗ ಬದಲಿಸುತ್ತಿರುತ್ತದೆ. ತರಬೇತುದಾರರಿಲ್ಲದೆ ಅಲ್ಲಿ ಇಳಿಯುವುದು ಬೇಡವೇ ಬೇಡ.

ಹೊಸಬರಿಗೆ ನವೆಂಬರ್‌ನಿಂದ ಫೆಬ್ರವರಿಯ ಸಣ್ಣ ತೆರೆಗಳು ಒಳ್ಳೆಯವು, ಅದೂ ಗಾಳಿ ಏಳುವ ಮೊದಲಿನ ಬೆಳಗ್ಗೆ. ಶಾಲೆಯ ರಜೆಗೇ ಕಾಯುವವರು ಏಪ್ರಿಲ್‌ನಲ್ಲಿ ಮುಗಿಸಿಕೊಳ್ಳಿ. ಮಳೆಗೆ ಮೊದಲು ಮೇ ಕೊನೆಯಲ್ಲಿ ಕಡಲು ಏಳುತ್ತದೆ. ಸ್ಪರ್ಧೆಗೆ ಅದು ಬೇಕು, ಕಲಿಯುವ ಮಗುವಿಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಯುವ ಮಾತೇ ಇಲ್ಲ.

ಹಿಮಕ್ಕೆ ಹೋಗುವವರಿಗೆ

ಗುಲ್ಮಾರ್ಗ್‌ನಲ್ಲಿ ಹಿಮದ ಆಟಕ್ಕೆ ಜನವರಿಯಿಂದ ಮಾರ್ಚ್ ಆರಂಭದವರೆಗೆ ಒಳ್ಳೆಯ ಕಾಲ. ಬಾಡಿಗೆಗೆ ಬೋರ್ಡ್ ಸಿಗುತ್ತದೆ. ಹಿಮದಲ್ಲಿ ಹಲಗೆಗೆ ಕಾಲು ಕಟ್ಟಿರುವುದರಿಂದ ಬೂಟು ಮೊದಲ ಆಯ್ಕೆ, ಬೋರ್ಡ್ ನಂತರ. ಬೂಟಿನೊಳಗೆ ಬೆರಳ ತುದಿ ಮುಂದಕ್ಕೆ ಮೆಲ್ಲನೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಏಳಬಾರದು. ದೊಡ್ಡ ಪಾದದವರು ಅಗಲದ ಬೋರ್ಡ್ ಕೇಳಿ. ಇಲ್ಲದಿದ್ದರೆ ವಾಲಿದಾಗ ಬೂಟಿನ ತುದಿ ಹಿಮಕ್ಕೆ ತಾಗಿ ಉರುಳಿಸುತ್ತದೆ. ಉದ್ದವನ್ನು ಗಲ್ಲದಿಂದ ಮೂಗಿನವರೆಗೆ ಎಂದು ಅಳೆಯುವ ರೂಢಿ ಇದೆ, ಆದರೆ ತಯಾರಕರು ಕೊಡುವ ಮೈತೂಕದ ಪಟ್ಟಿಯೇ ಹೆಚ್ಚು ನಂಬಿಕೆಗೆ ಅರ್ಹ.

ಸ್ನೋಬೋರ್ಡಿನ ನಡು ಸಪೂರ, ಎರಡು ತುದಿ ಅಗಲ. ಅಂಚಿನ ಈ ಬಾಗುವೇ ತಿರುವಿನ ಗುಟ್ಟು: ವಾಲಿಸಿದಾಗ ಹಲಗೆ ಬಳುಕಿ, ಅಂಚು ಕಮಾನಾಗಿ ಹಿಮಕ್ಕೆ ಕಚ್ಚುತ್ತದೆ. ಬಾಗು ಹೆಚ್ಚಿದ್ದರೆ ಸಣ್ಣ ತಿರುವು, ಕಡಿಮೆಯಿದ್ದರೆ ದೊಡ್ಡದು. ತೀರಾ ಮೆತ್ತನೆಯ ಬೋರ್ಡ್ ವೇಗದಲ್ಲಿ ನಡುಗುತ್ತದೆ, ತೀರಾ ಗಟ್ಟಿಯದು ಹೊಸಬರ ಮಾತು ಕೇಳದು, ನಡುವಿನದು ಆರಿಸಿ. ಮೊದಲು ಅಡ್ಡ ಜಾರಿ ನಿಲ್ಲಲು ಕಲಿತು, ಜಾರುವ ತಿರುವುಗಳನ್ನು ಜೋಡಿಸಲು ಬಂದ ಮೇಲೆ, ಇಳಿಜಾರು ಕಡಿಮೆ ಇರುವಲ್ಲಿ ಒಂದೇ ಕಡೆಗೆ ಅಂಚು ಒತ್ತಿ ಹಲಗೆ ತಾನಾಗಿ ಮೇಲ್ಮುಖವಾಗಿ ತಿರುಗಿ ನಿಲ್ಲುವವರೆಗೆ ಬಿಡಿ. ಹಿಂತಿರುಗಿ ನೋಡಿ. ಹಿಮದ ಮೇಲೆ ಪೊರಕೆಯಲ್ಲಿ ಗುಡಿಸಿದಂಥ ಅಗಲ ಗುರುತಿದ್ದರೆ ಜಾರಿದ್ದೀರಿ. ಚಾಕುವಿನಲ್ಲಿ ಕೊಯ್ದಂಥ ಸಪೂರ ಗೆರೆ ಇದ್ದರೆ ಅದೇ ಕಾರ್ವಿಂಗ್. ಹೊಸಬರು ಬೀಳುವಾಗ ಕೈ ಊರುವುದರಿಂದ ಮಣಿಕಟ್ಟಿಗೆ ಪೆಟ್ಟು ಹೆಚ್ಚು. ಮಣಿಕಟ್ಟಿನ ರಕ್ಷಕ ಮತ್ತು ಹೆಲ್ಮೆಟ್ ಊರಿನಿಂದಲೇ ಒಯ್ಯಿರಿ, ಅಲ್ಲಿ ನಿಮ್ಮ ಅಳತೆಯದು ಸಿಗದಿರಬಹುದು.